ಸೀಳುನಾಯಿಯ ಬೇಟೆ

ಸಫಾರಿ ಎಂಬ ಮಾತನ್ನು ಈಗ ನಮ್ಮ ಹಳ್ಳಿಯ ಹುಡುಗರೂ ಬಲ್ಲರು. ಅರಬ್ಬೀ ಮೂಲದ ಶಬ್ದವದು. ಪೂರ್ವ ಆಫ್ರಿಕೆಯ ಸ್ವಾಹಿಲಿ ಭಾಷೆಗೆ ಬಂದು, ಅಲ್ಲಿಂದ ಲೋಕವನ್ನೆಲ್ಲ ಸುತ್ತಿತು. ಅದಕ್ಕಿದ್ದ ಅರ್ಥ ಪ್ರಯಾಣ ಎಂದಷ್ಟೆ. ನಮ್ಮ ಮೃಗ ಶಬ್ದದ ಕತೆ ಬೇರೆ. ಹುಡುಕುವುದು, ಬೆನ್ನಟ್ಟುವುದು ಎಂಬ ಅರ್ಥದ ಧಾತುವಿನಿಂದ ಅದು ಹುಟ್ಟಿತು. ಅಂದರೆ ಪ್ರಾಣಿಗೆ ಹೆಸರಿಡುವಾಗಲೇ ನಮ್ಮ ಹಿರಿಯರ ಕಣ್ಣಿನಲ್ಲಿ ಬೇಟೆಯಿತ್ತು.

ಸೆರೆಂಗೆಟಿಯ ಬಯಲಿನಲ್ಲಿ ಮೋಟಾರಿನೊಳಗೆ ಕುಳಿತವರಿಗೆ, ಚೀತಾ ಹುಲ್ಲೆಯನ್ನು ಅಟ್ಟುವುದು ಮೊದಲಿನಿಂದ ಕೊನೆಯವರೆಗೆ ಕಾಣುತ್ತದಂತೆ. ನಾನು ಆಫ್ರಿಕೆಗೆ ಹೋದವನಲ್ಲ. ಸಿದ್ದಾಪುರದಿಂದ ಕುಮಟೆಯ ಕಡೆಗೆ ಘಟ್ಟವಿಳಿಯುವ ದಾರಿಯ ದೊಡ್ಮನೆಯವನು. ನಮ್ಮ ಕಾಡಿನಲ್ಲಿ ಹತ್ತು ಮಾರಿನಾಚೆ ಏನೂ ಕಾಣದು. ಇಲ್ಲಿ ಬೇಟೆಯನ್ನು ಮೊದಲು ಕೇಳಬೇಕು, ಆಮೇಲೆ ಅದೃಷ್ಟವಿದ್ದರೆ ನೋಡಬೇಕು.

ಒಂದು ಜನವರಿಯ ಬೆಳಗ್ಗೆ ನಾನೂ ನೆರೆಯವರೊಬ್ಬರೂ ಬೆಟ್ಟಕ್ಕೆ ಹೋಗಿದ್ದೆವು. ನಮ್ಮ ಕಡೆ ಬೆಟ್ಟವೆಂದರೆ ಬರಿಯ ಗುಡ್ಡವಲ್ಲ. ಅಡಕೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡು. ಮುಸಿಯಗಳು ಮೇಲಿನಿಂದ ಗದ್ದಲವೆಬ್ಬಿಸಿದವು. ಕೂಡಲೇ ಕೆಳಗಿನ ಹಳ್ಳದ ದಿಕ್ಕಿನಿಂದ ಒಂದು ಸಿಳ್ಳು, ಅದಕ್ಕೆ ಬಲಗಡೆಯಿಂದ ಇನ್ನೊಂದು ಸಿಳ್ಳು. ಯಾರೋ ದನಗಾಹಿ ಹುಡುಗರೆಂದೇ ಹೊಸಬರು ತಿಳಿಯಬೇಕು. ಸೀಳುನಾಯಿ ಊರನಾಯಿಯಂತೆ ಬೊಗಳುವುದಿಲ್ಲ. ದಟ್ಟ ಕಾಡಿನಲ್ಲಿ ಚದರಿದ ಸಂಗಾತಿಗಳನ್ನು ಕೂಡಿಸಿಕೊಳ್ಳಲು ಹೀಗೆ ಸಿಳ್ಳು ಹಾಕುತ್ತದೆ.

ಬಂಡೆಯ ಮರೆಯಿಂದ ಇಣುಕಿದೆವು. ಒಂದು ಹೆಣ್ಣು ಕಡವೆ ಹಳ್ಳದ ಗುಂಡಿಯಲ್ಲಿ ಎದೆಮಟ್ಟದ ನೀರಿನಲ್ಲಿ ಬಂಡೆಗೆ ಬೆನ್ನು ಕೊಟ್ಟು ನಿಂತಿತ್ತು. ದಡದಲ್ಲಿ ಕೆಂಪು ಮೈಯ, ಕರಿಯ ಪೊದೆಬಾಲದ ಏಳು ನಾಯಿಗಳು. ಅವಸರವೆಂಬುದೇ ಇಲ್ಲ. ಎರಡು ಮಲಗಿಯೇ ಇದ್ದವು! ಒಂದು ನೀರಿಗಿಳಿದರೆ ಕಡವೆ ಮುಂಗಾಲೆತ್ತಿ ನೀರನ್ನು ಬಡಿಯುವುದು. ನಾಯಿ ಹಿಂದೆ ಸರಿಯುವುದು. ಅಷ್ಟರಲ್ಲಿ ಮತ್ತೊಂದು ಪಕ್ಕದಿಂದ ಇಳಿಯುವುದು. ಅರ್ಧ ಗಂಟೆ ಹೀಗೇ ನಡೆಯಿತು. ಕೊನೆಗೆ ಕಡವೆ ತಾನಾಗಿಯೇ ದಡಕ್ಕೆ ಹಾರಿತು. ನೀರಿನಲ್ಲಿಯೇ ನಿಂತಿದ್ದರೆ ಉಳಿಯುತ್ತಿತ್ತೋ ಏನೋ. ದಡದಲ್ಲಿ ಹತ್ತು ಹೆಜ್ಜೆಯನ್ನೂ ಅದು ಹಾಕಲಿಲ್ಲ. ಒಂದು ಮೂತಿಗೆ, ಮೂರು ಹಿಂಭಾಗಕ್ಕೆ. ಪ್ರಾಣ ಹೋಗುವ ಮುನ್ನವೇ ಅವು ತಿನ್ನತೊಡಗಿದವು. ನನ್ನ ಜೊತೆಯವರು ಮುಖ ತಿರುಗಿಸಿ ಕುಳಿತರು.

ಈ ಪ್ರಾಣಿಗೆ ಬಂದ ಕೆಟ್ಟ ಹೆಸರೆಲ್ಲ ಇಲ್ಲಿಂದಲೇ. ಹುಲಿ ಗಂಟಲು ಹಿಡಿದು ಉಸಿರುಗಟ್ಟಿಸುತ್ತದೆ, ಅದನ್ನು ರಾಜಗಾಂಭೀರ್ಯವೆಂದೆವು. ಸೀಳುನಾಯಿಯ ತೂಕ 12ರಿಂದ 20 ಕಿಲೋ. ತನ್ನ ಹತ್ತರಷ್ಟು ತೂಗುವ ಕಡವೆಯ ಕೊರಳನ್ನು ಅದು ಅದುಮಿ ಹಿಡಿಯುವ ಮಾತೇ ಇಲ್ಲ. ಅದಕ್ಕೆ ಒದಗಿರುವುದು ಓಟ, ಒಗ್ಗಟ್ಟು, ಹರಿಯುವ ಹಲ್ಲು. ಮೂತ್ರವನ್ನು ಬಾಲದಿಂದ ಚಿಮುಕಿಸಿ ಬೇಟೆಯ ಕಣ್ಣು ಕುರುಡಾಗಿಸುತ್ತದೆಂಬ ಕತೆಯೂ ಉಂಟು. ಆ ಹೊತ್ತು ನಾನು ಕಂಡದ್ದರಲ್ಲಿ ಅಂಥದ್ದೇನೂ ಇರಲಿಲ್ಲ.

ಇನ್ನೊಂದನ್ನು ಕಂಡೆ. ಏಳೂ ಒಂದೇ ಹೆಣಕ್ಕೆ ಬಾಯಿಟ್ಟಿದ್ದರೂ ಜಗಳವಿಲ್ಲ. ನಮ್ಮಲ್ಲಿ ಊಟದ ಪಂಕ್ತಿಗೆ ಕೂರುವಾಗಿನ ನೂಕಾಟವನ್ನು ಬಲ್ಲವರಿಗೆ ಇದು ಸಣ್ಣ ಮಾತಲ್ಲ. 1970ರ ದಶಕದಲ್ಲಿ ಬಂಡೀಪುರದಲ್ಲಿ ಎ. ಜೆ. ಟಿ. ಜಾನ್‌ಸಿಂಗ್ ಅವರು ಇವುಗಳ ಜೀವನವನ್ನು ಅಭ್ಯಸಿಸಿದರು. ನಮ್ಮವರೇ ಆದ ಕೃಪಾಕರ-ಸೇನಾನಿ ವರ್ಷಗಟ್ಟಲೆ ಜಾಡು ಹಿಡಿದು ಅಲೆದು ಚಿತ್ರ ತೆಗೆದರು. ಬೇಟೆಯ ಬಳಿ ಮರಿಗಳಿದ್ದರೆ ದೊಡ್ಡವು ಅವಕ್ಕೆ ಮೊದಲು ಜಾಗ ಬಿಡುತ್ತವೆ. ಬಿಲದಲ್ಲಿರುವ ಮರಿಗಳಿಗೆ ತಾವು ನುಂಗಿ ತಂದುದನ್ನು ಕಕ್ಕಿ ಉಣಿಸುತ್ತವೆ, ಅದೂ ತಾಯಿ ಮಾತ್ರವಲ್ಲ, ಗುಂಪಿನ ಇತರರೂ.

ನಮ್ಮ ಕಾವ್ಯದಲ್ಲಿ ಬೇಂಟೆಯ ವರ್ಣನೆಗೆ ಕೊರತೆಯಿಲ್ಲ. 10ನೆಯ ಶತಮಾನದ ಪಂಪನಲ್ಲಿಯೇ ಅದು ಸೊಗಸಾಗಿ ಬಂದಿದೆ. ಆದರೆ ಅಲ್ಲಿ ಬೇಟೆಗಾರ ಅರಸು. ಮೃಗವೇ ಮೃಗವನ್ನು ಕೊಲ್ಲುವ ವಿಷಯಕ್ಕೆ ಬಂದರೆ, ಕನ್ನಡದ ಮಗುವಿಗೆ ಮೊದಲು ನೆನಪಾಗುವುದು ಗೋವಿನ ಹಾಡಿನ ಹುಲಿ. ಅದು ಪುಣ್ಯಕೋಟಿಯ ಸತ್ಯಕ್ಕೆ ಕರಗಿ, ತಿನ್ನದೆ ಪ್ರಾಣಬಿಟ್ಟಿತು. ತರಗತಿಯಲ್ಲಿ ಆ ಹಾಡನ್ನು ಹೇಳಿಕೊಡುವಾಗ ಇಂದಿಗೂ ನನ್ನ ಕಂಠ ಗದ್ಗದವಾಗುತ್ತದೆ. ಆದರೆ ಕಾಡಿನ ಹುಲಿಯನ್ನೂ ನಾಯಿಯನ್ನೂ ಆ ಹಾಡಿನ ಅಳತೆಗೋಲಿನಿಂದ ಅಳೆಯುವುದು ನನಗೆ ಒಪ್ಪಿಗೆಯಿಲ್ಲ. ಹಾಡಿನ ಹುಲಿಗೆ ಮರಿಗಳಿರಲಿಲ್ಲ. ಇದ್ದಿದ್ದರೆ ಕವಿಗೆ ಕಷ್ಟವಾಗುತ್ತಿತ್ತು.

ಅಳೆದವರು ಬರಿದೆ ಬೈದು ಬಿಡಲಿಲ್ಲ. ಬ್ರಿಟಿಷರ ಕಾಲದಿಂದ ಸೀಳುನಾಯಿಯ ತಲೆಗೆ ಸರಕಾರದ ಬಹುಮಾನವಿತ್ತು. 1972ರಲ್ಲಿ ವನ್ಯಜೀವಿ ಕಾಯಿದೆ ಬರುವವರೆಗೂ ಕೊಂದವರಿಗೆ ಹಣ ಸಿಗುತ್ತಿತ್ತು. ಜಿಂಕೆ ಕಡವೆಗಳನ್ನು ತಾವೇ ಹೊಡೆಯಬೇಕೆಂದಿದ್ದ ಬಂದೂಕಿನ ದೊರೆಗಳಿಗೆ ಇದು ಪ್ರತಿಸ್ಪರ್ಧಿಯಾಗಿ ಕಂಡಿರಬೇಕು. ಈಗ ಇಡೀ ಪ್ರಪಂಚದಲ್ಲಿ ಸಂತಾನಯೋಗ್ಯ ಪ್ರಾಯದವು 949ರಿಂದ 2,215ರಷ್ಟೇ ಇವೆಯೆಂದು 2015ರ ಅಂದಾಜು. ಬೇಟೆಯ ಪ್ರಾಣಿ ಕಡಿಮೆಯಾದುದು, ಕಾಡು ತುಂಡಾದುದು, ಊರನಾಯಿಗಳಿಂದ ತಗಲುವ ರೋಗ, ಇವೆಲ್ಲ ಕಾರಣಗಳು. ಹೆಣಕ್ಕೆ ವಿಷವಿಕ್ಕುವುದೂ ಒಂದು.

ವಿಷದ ಮಾತು ನಮ್ಮ ಕೇರಿಗೂ ಬಂದಿತು. ಆ ಬೇಟೆ ನೋಡಿದ ಮರುವರ್ಷ, ಅಂದು ಮುಖ ತಿರುಗಿಸಿದ್ದ ನೆರೆಯವರದೇ ಕರುವನ್ನು ಬೆಟ್ಟದಲ್ಲಿ ಸೀಳುನಾಯಿಗಳು ಕೊಂದವು. ಉಳಿದರ್ಧ ಹೆಣ ಅಲ್ಲಿಯೇ ಬಿದ್ದಿತ್ತು. ಸಂಜೆ ನಾನು ಹೋದಾಗ ಜಗಲಿಯಲ್ಲಿ ಔಷಧದ ಡಬ್ಬಿ ಇತ್ತು; ತೋಟಕ್ಕಾಗಿ ತಂದದ್ದಲ್ಲವೆಂದು ಕೇಳದೆಯೇ ತಿಳಿಯಿತು.

“ಭಾವಾ, ಅದರ ಕೂಗು ಇನ್ನೂ ಕಿವಿಲಿ ಇದ್ದು” ಎಂದರು.

ಅದಕ್ಕೆ ಉತ್ತರವಿರಲಿಲ್ಲ, ಹೇಳಲೂ ಇಲ್ಲ. ಆ ಹೆಣವನ್ನು ಮೊದಲು ಮೂಸುವುದು ಅವರದೇ ಮನೆಯ ನಾಯಿಯಾದೀತು, ಆಮೇಲೆ ನರಿ, ಹದ್ದು ಎಂದೆ. ಗದ್ದೆಯನ್ನು ಉತ್ತುಹಾಕುವ ಹಂದಿಯನ್ನು ಹಿಡಿಯುವವರು ಬೇರೆ ಯಾರಿದ್ದಾರೆಂದೂ ಕೇಳಿದೆ. ಕಾನೂನಿನ ಮಾತನ್ನು ಕೊನೆಗೆ ಎತ್ತಿದೆ. ಅವರು ಬಹಳ ಹೊತ್ತು ಎಲೆಯ ತೊಟ್ಟು ಮುರಿಯುತ್ತ ಕುಳಿತಿದ್ದರು. ಕಡೆಗೆ ಒಳಗಿನಿಂದ ಕಾಗದ ತರಿಸಿದರು. ಸಾಕುಪ್ರಾಣಿ ಸತ್ತುದಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವ ಅರ್ಜಿಯನ್ನು ನಾನೇ ಬರೆದೆ. ಕರುವಿನ ಬಣ್ಣ, ವಯಸ್ಸು ಎಲ್ಲವನ್ನೂ ಹೇಳಿ, ಅದರ ಹೆಸರನ್ನೂ ಬರೆಯಬೇಕೆಂದರು. ಬರೆದೆ. ಮರುದಿನ ಅಧಿಕಾರಿಗಳು ನೋಡಿ ಹೋದ ಮೇಲೆ ಇಬ್ಬರೂ ಕೂಡಿ ಹೆಣವನ್ನು ಹುಗಿದೆವು.

ಈಗ ಅವರ ಮನೆಯ ಕರುಗಳು ಬೆಟ್ಟಕ್ಕೆ ಹೋಗುವುದಿಲ್ಲ. ಕೊಟ್ಟಿಗೆಯ ಮುಂದೆಯೇ ಕಟ್ಟಿ ಹುಲ್ಲು ಹಾಕುತ್ತಾರೆ. ಮೊನ್ನೆ ಮತ್ತೆ ಹಳ್ಳದ ಕಡೆ ಸಿಳ್ಳು ಕೇಳಿತಂತೆ. ಅವರೇ ಬಂದು ಹೇಳಿದರು, ಈ ಸಲ ಅಟ್ಟುತ್ತಿದ್ದುದು ಹಂದಿಯನ್ನು ಎಂದು.