ಕೆಮಿಕಲ್ ಎಂಜಿನಿಯರಿಂಗ್ ಪದವಿಯ ಗುರಿ: ಭದ್ರಾವತಿಯ ಹಿನ್ನೆಲೆಯಲ್ಲಿ

ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ನಡೆಯುವ ಕ್ರಿಯೆಯನ್ನು ಟನ್ನುಗಟ್ಟಲೆ ಸರಕು ಕೊಡುವ ಕಾರ್ಖಾನೆಯ ಮಟ್ಟಕ್ಕೆ ಏರಿಸಿ, ಅದನ್ನು ಅಪಾಯವಿಲ್ಲದೆ, ನಷ್ಟವಿಲ್ಲದೆ, ನೆಲ-ಜಲ ಕೆಡದಂತೆ ನಡೆಸುವುದು ಕೆಮಿಕಲ್ ಎಂಜಿನಿಯರನ ಕೆಲಸ. ನಾಲ್ಕು ವರ್ಷದ ಪದವಿ ಇದಕ್ಕೆ ಬೇಕಾದ ವಿವೇಚನೆಯನ್ನು ಬೆಳೆಸಬೇಕು. ಯಾವುದೋ ಒಂದು ಸರಕಿನ ತಯಾರಿಕೆಯನ್ನು ಬಾಯಿಪಾಠ ಮಾಡಿಸಿದರೆ ಸಾಲದು. ತಯಾರಿಕೆಯ ವಿಧಾನಗಳು ಹಳತಾಗುತ್ತವೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಕೋಕ್‌ಗೆ ಬೇಕಾದ ಕಲ್ಲಿದ್ದಲು ಹತ್ತಿರದಲ್ಲಿ ಇರಲಿಲ್ಲವಾದ್ದರಿಂದ ಮಲೆನಾಡಿನ ಮರದ ಇದ್ದಿಲೇ ಊದುಕುಲುಮೆಗೆ ಆಧಾರವಾಯಿತು. ರಿಟಾರ್ಟ್ ಎಂಬ ಗಾಳಿಯಾಡದ ಪಾತ್ರೆಯಲ್ಲಿ ಮರವನ್ನು ಕಾಯಿಸಿದರೆ ಒಣಮರದ ತೂಕದ ಸುಮಾರು ಮೂರನೇ ಒಂದು ಭಾಗ ಇದ್ದಿಲಾಗಿ ಉಳಿಯುತ್ತದೆ. ಉಳಿದದ್ದು ಆವಿಯಾಗಿ ಹೊರಡುತ್ತದೆ. ಆ ಆವಿಯನ್ನು ತಣಿಸಿ ಟಾರು ಬೇರ್ಪಡಿಸಿ, ಅದರಲ್ಲಿನ ಅಸಿಟಿಕ್ ಆಮ್ಲಕ್ಕೆ ಸುಣ್ಣ ಸೇರಿಸಿದರೆ ಕ್ಯಾಲ್ಸಿಯಂ ಅಸಿಟೇಟ್, ಬಟ್ಟಿ ಇಳಿಸಿದರೆ ಮರದ ತೂಕದ ನೂರಕ್ಕೆ ಒಂದೆರಡು ಪಾಲಿನಷ್ಟು ಮೆಥನಾಲ್ ಸಿಗುತ್ತದೆ. ಹೊಗೆಯಾಗಿ ಹೋಗಬಹುದಾಗಿದ್ದದ್ದನ್ನು ಹಿಡಿದು ಮಾರುವ ಈ ಯೋಜನೆ ಆ ಕಾಲಕ್ಕೆ ದೊಡ್ಡ ಸಾಹಸವೇ ಸರಿ.

ಅದೇ 1923ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಅನಿಲಗಳಿಂದಲೇ ಮೆಥನಾಲ್ ಸಂಶ್ಲೇಷಿಸಿತು. ಮರದಿಂದ ಬಟ್ಟಿ ಇಳಿಸಿದ ಮೆಥನಾಲಿನ ಮಾರುಕಟ್ಟೆ ಜಗತ್ತಿನೆಲ್ಲೆಡೆ ಕುಸಿಯಿತು. ರಿಟಾರ್ಟನ್ನು ಮಾತ್ರ ಬಲ್ಲವನಿಗೆ ಅಲ್ಲಿಗೆ ದಾರಿ ಮುಗಿಯುತ್ತದೆ. ಶಾಖ, ಒತ್ತಡ, ವೇಗವರ್ಧಕ, ಖರ್ಚುಗಳ ಲೆಕ್ಕ ಬಲ್ಲವನು ಹೊಸ ವಿಧಾನಕ್ಕೆ ಹೊರಳಬಲ್ಲ.

ಪಠ್ಯಕ್ರಮ ರೂಪುಗೊಂಡದ್ದೂ ವಿಧಾನ ಹಳತಾದರೂ ತತ್ತ್ವ ಉಳಿಯುತ್ತದೆ ಎಂಬ ತಿಳಿವಳಿಕೆಯಿಂದಲೇ. 1887ರಲ್ಲಿ ಮ್ಯಾಂಚೆಸ್ಟರಿನಲ್ಲಿ ಉಪನ್ಯಾಸ ನೀಡಿದ ಇಂಗ್ಲೆಂಡಿನ ರಸಾಯನತಜ್ಞ ಜಾರ್ಜ್ ಡೇವಿಸ್, ಸರಕಿಗೊಂದು ಪಾಠ ಹೇಳುವ ಬದಲು ಎಲ್ಲ ಕಾರ್ಖಾನೆಗಳಿಗೂ ಸಮಾನವಾದ ಕೆಲಸಗಳನ್ನು ಕಲಿಸಲು ಹೊರಟರು. ಬಟ್ಟಿ ಇಳಿಸುವುದು, ಆವಿಯಾಗಿಸುವುದು, ಸೋಸುವುದು, ಒಣಗಿಸುವುದು ಅಂಥವು. 1915ರಲ್ಲಿ ಅಮೆರಿಕದ ರಸಾಯನತಜ್ಞ ಆರ್ಥರ್ ಲಿಟ್ಲ್ ಇವನ್ನು ಯೂನಿಟ್ ಆಪರೇಷನ್ ಎಂದು ಕರೆದರು. ಇವೆಲ್ಲಕ್ಕೂ ತಳಹದಿ ಮಟೀರಿಯಲ್ ಬ್ಯಾಲೆನ್ಸ್: ಒಳಹೋದ ಪ್ರತಿ ಕಿಲೋ ಎಲ್ಲಿ ಹೋಯಿತು ಎಂಬ ಲೆಕ್ಕ. ಥರ್ಮೊಡೈನಮಿಕ್ಸ್, ರಿಯಾಕ್ಟರ್ ವಿನ್ಯಾಸಗಳು ಅದರ ಮೇಲೆ ನಿಲ್ಲುತ್ತವೆ.

ಈ ಲೆಕ್ಕ ತಪ್ಪಿದರೆ ಉಳಿದದ್ದು ಹೊಳೆ ಸೇರುತ್ತದೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾಗಿ ಈಗ ನಿಂತುಹೋಗಿರುವ ಮೈಸೂರು ಕಾಗದ ಕಾರ್ಖಾನೆಯಂಥ ಉದ್ಯಮವನ್ನೇ ತೆಗೆದುಕೊಳ್ಳಬಹುದು. ಕಾಗದದ ತಿರುಳು ತಯಾರಿಸುವ ಕ್ರಾಫ್ಟ್ ವಿಧಾನದಲ್ಲಿ ಬಿದಿರು ಬೇಯಿಸಿದಾಗ, ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಕರಗಿದ ಕಪ್ಪು ದ್ರವ ಉಳಿಯುತ್ತದೆ. ಅದನ್ನು ಇಂಗಿಸಿ ಬಾಯ್ಲರಿನಲ್ಲಿ ಉರಿಸಿದರೆ ಹಬೆಯೂ ಸಿಗುತ್ತದೆ, ಸೋಡಿಯಂ ಲವಣಗಳೂ ಮರಳಿ ಬಳಕೆಗೆ ಬರುತ್ತವೆ. ಚರಂಡಿಗೆ ಬಿಟ್ಟರೆ ನೀರಿನ ಆಮ್ಲಜನಕ ತಗ್ಗಿ ಮೀನುಗಳು ಸಾಯುತ್ತವೆ. ಭದ್ರೆಯ ನೀರು ಕೂಡಲಿಯಲ್ಲಿ ತುಂಗೆಯನ್ನು ಸೇರಿ ಕೆಳಗಿನ ಊರುಗಳಿಗೆ ಹೋಗುತ್ತದೆ. ಆದ್ದರಿಂದ ತ್ಯಾಜ್ಯದ ಪಾಠ ಕೊನೆಯ ಸೆಮಿಸ್ಟರಿನ ಐಚ್ಛಿಕ ವಿಷಯವಾಗಿ ಉಳಿಯುವುದು ತಪ್ಪು.

1984ರ ಭೋಪಾಲ್ ಅನಿಲ ದುರಂತದ ಬಳಿಕ ಸುರಕ್ಷತೆಗೂ ಇದೇ ಮಾತು. ದೇಶಗಳು ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದಲ್ಲಿ ಭಾರತ 2014ರಲ್ಲಿ ಪೂರ್ಣ ಸದಸ್ಯತ್ವ ಪಡೆದ ಮೇಲೆ, ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದು ಮಾನ್ಯತೆಯ ಅಳತೆಗೋಲಾಗಿದೆ; ವೃತ್ತಿನೀತಿ, ಪರಿಸರಗಳೂ ಅದರಲ್ಲಿ ಸೇರಿವೆ. ಮಕ್ಕಳನ್ನು ಈ ವಿಭಾಗಕ್ಕೆ ಸೇರಿಸುವ ಶಿವಮೊಗ್ಗ, ಭದ್ರಾವತಿಯ ಹೆತ್ತವರು ಸಂಬಳದ ಜೊತೆಗೆ, ಕಾರ್ಖಾನೆಯಲ್ಲಿ ಎಷ್ಟು ವಾರ ತರಬೇತಿ ಇದೆ ಎಂಬುದನ್ನೂ ಕಾಲೇಜಿನವರನ್ನು ಕೇಳಬೇಕು.