ಸೊಳ್ಳೆಯ ಜ್ವರವೂ ಭಕ್ತರ ಕಾಯಕವೂ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಮಂಗಲ ಸಮಯದಲ್ಲಿ ಸೊಳ್ಳೆಯ ಮಾತೇಕೆಂದು ಕೆಲವರು ನಗಬಹುದು. ಆದರೆ 2024ರಲ್ಲಿ ಕರ್ನಾಟಕ ಸರಕಾರವು ಡೆಂಗ್ಯೂ ಜ್ವರವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಅಂಗದ ಮೇಲೆ ಲಿಂಗವನ್ನು ಧರಿಸುವ ನಮಗೆ ಅಂಗದ ರಕ್ಷಣೆಯು ಧರ್ಮಕ್ಕೆ ಹೊರಗಿನ ಮಾತಲ್ಲ.

ಸೊಳ್ಳೆಗಳೆಲ್ಲವೂ ಚರಂಡಿಯ ಕೊಳಕಿನಲ್ಲಿಯೇ ಹುಟ್ಟುವುವೆಂದು ನಾವು ತಿಳಿದಿರುವೆವು. ಡೆಂಗ್ಯೂ ಜ್ವರವನ್ನು ಹರಡುವ ಈಡಿಸ್ ಎಂಬ ಸೊಳ್ಳೆಯಾದರೋ ತಿಳಿಯಾದ ನಿಂತ ನೀರನ್ನೇ ಅರಸುವುದು, ಹಗಲಿನಲ್ಲಿಯೇ ಕಚ್ಚುವುದು. ಲಿಂಗದ ಅಗ್ಘವಣಿಗೆಂದು ಶೋಧಿಸಿ ತುಂಬಿಟ್ಟ ಹಂಡೆಯೂ, ಪ್ರಸಾದನಿಲಯದ ತೊಟ್ಟಿಯೂ, ಜಾತ್ರೆಯಲ್ಲಿ ಒಡೆದ ತೆಂಗಿನಕಾಯಿಯ ಚಿಪ್ಪುಗಳೂ ಅದಕ್ಕೆ ತೊಟ್ಟಿಲುಗಳಾಗುವುವು. ತತ್ತಿಯು ಹುಳುವಾಗಿ, ಹುಳುವು ಸೊಳ್ಳೆಯಾಗಿ ಹಾರುವುದಕ್ಕೆ 7ರಿಂದ 10 ದಿನಗಳು ಸಾಕು.

ಬೆಂಗಳೂರಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ದಂಡಿನ ವೈದ್ಯನು ತನ್ನ ಕಿಟಕಿಯ ಹೊರಗಿದ್ದ ಪೀಪಾಯಿಯಲ್ಲಿ ಸೊಳ್ಳೆಯ ಹುಳುಗಳನ್ನು ಕಂಡು ಅದನ್ನು ಬೋರಲು ಮಾಡಿದನು. ಸೊಳ್ಳೆಗಳ ಕಾಟವು ಅಡಗಿತು. ಉಳಿದ ಪಾತ್ರೆಗಳನ್ನೂ ಹೀಗೆಯೇ ಬರಿದು ಮಾಡೋಣವೆಂದಾಗ ಅಲ್ಲಿಯ ಅಧಿಕಾರಿಯು, ಸೊಳ್ಳೆಗಳ ಸೃಷ್ಟಿಗೂ ಏನೋ ಉದ್ದೇಶವಿರುವುದು, ಸಹಿಸುವುದೇ ನಮ್ಮ ಕರ್ತವ್ಯವೆಂದು ತಡೆದನಂತೆ. ಸೊಳ್ಳೆಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದವನು ಈ ರಾಸನೇ. ಜ್ವರವು ಬಂದಾಗ ಹಣೆಬರಹವೆಂದು ಕುಳಿತುಕೊಳ್ಳುವ ನಾವು ಆ ಅಧಿಕಾರಿಯ ಪಂಗಡದವರೇ ಅಲ್ಲವೆ?

ಆದುದರಿಂದ ನನ್ನದೊಂದು ಬಿನ್ನಹ. ಪ್ರತಿ ಸೋಮವಾರವೂ ಪೂಜೆಗೆ ಮುನ್ನ ಮನೆಯ ಹಂಡೆ ತೊಟ್ಟಿಗಳನ್ನು ಬರಿದು ಮಾಡಿ, ಒಳಮೈಯನ್ನು ತಿಕ್ಕಿ ತೊಳೆಯತಕ್ಕದ್ದು. ನೀರನ್ನು ಚೆಲ್ಲಿದರಷ್ಟೇ ಸಾಲದು. ತತ್ತಿಗಳು ಪಾತ್ರೆಯ ಮೈಗಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲುವು. ಮರಳಿ ತುಂಬಿದ ಮೇಲೆ ಬಿಗಿಯಾಗಿ ಮುಚ್ಚತಕ್ಕದ್ದು. ಕೂಸುಗಳನ್ನು ಹಗಲಿನಲ್ಲಿ ಮಲಗಿಸುವಾಗಲೂ ಸೊಳ್ಳೆಪರದೆಯನ್ನು ಕಟ್ಟತಕ್ಕದ್ದು.

ಜ್ವರವು ಕಂಡೊಡನೆ ವೈದ್ಯರಲ್ಲಿಗೆ ಹೋಗಿರಿ. ಆಸ್ಪಿರಿನ್ ಗುಳಿಗೆಯನ್ನು ತಾವಾಗಿಯೇ ನುಂಗಬೇಡಿರಿ, ರಕ್ತಸ್ರಾವವು ಹೆಚ್ಚೀತು. ಜ್ವರವು ಇಳಿಯಿತೆಂದು ಮೈಮರೆಯಲೂ ಬೇಡಿರಿ. ಆಗಲೇ ತೀವ್ರವಾದ ಹೊಟ್ಟೆನೋವು, ಎಡೆಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಾಣಿಸಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನನ್ನ ಮನೆಯ ಹಂಡೆಯಲ್ಲಿ ಹುಟ್ಟಿದ ಸೊಳ್ಳೆಯು ನೆರೆಮನೆಯ ಕೂಸನ್ನು ಕಚ್ಚುವುದು. ಹಂಡೆಯನ್ನು ತೊಳೆಯುವುದು ಕಾಯಕ. ಅದರಿಂದ ನೆರೆಯವರ ಪ್ರಾಣವುಳಿದರೆ ಅದುವೇ ದಾಸೋಹ. ಈ ಸೋಮವಾರದ ನೇಮವು ಶ್ರೀಮಠದ ತೊಟ್ಟಿಯಿಂದಲೇ ಮೊದಲಾಗಲೆಂದು ಶ್ರೀಗಳವರಲ್ಲಿ ಪ್ರಾರ್ಥಿಸಿ, ನನ್ನ ಎರಡು ಮಾತುಗಳನ್ನು ಮುಗಿಸುವೆನು.