ಪೆನ್ಸ್‌ಹರ್ಸ್ಟಿನ ಆರು ಮನೆಗಳು

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ಒಂದು ಗ್ರಾಮ ಪಂಚಾಯಿತಿಯ ವಿಷಯ. ಬಾಡಿಗೆ ಖೋಲಿಯಲ್ಲಿರುವ ನಮಗೆ ಅದೇಕೆ ಎಂದು ಕೇಳುವಿರಿ. ಅದು ಮನೆಯ ಮಾತು, ಅದಕ್ಕೆ.

ಕೆಂಟ್ ಪ್ರಾಂತದಲ್ಲಿ ಈಡನ್ ನದಿಯು ಮೆಡ್‌ವೇ ನದಿಯನ್ನು ಕೂಡುವಲ್ಲಿ ಪೆನ್ಸ್‌ಹರ್ಸ್ಟ್ ಇದೆ. ಅದೂ ನೆರೆಯ ಫೋರ್ಡ್‌ಕೂಂಬ್ ಹಳ್ಳಿಯೂ ಸೇರಿ ಒಂದೇ ಸಿವಿಲ್ ಪ್ಯಾರಿಷ್. ಪ್ಯಾರಿಷ್ ಎಂದರೆ ಮೂಲದಲ್ಲಿ ಒಂದು ಚರ್ಚಿನ ಸರಹದ್ದು. ಊರ ಲೌಕಿಕ ಕೆಲಸವೂ ಬಹುಕಾಲ ಚರ್ಚಿನ ಸಭೆಯಲ್ಲೇ ನಡೆಯಿತು. 1894ರ ಕಾನೂನು ಅದನ್ನು ಬೇರ್ಪಡಿಸಿ, ಜನರೇ ಆರಿಸುವ ಕೌನ್ಸಿಲನ್ನು ಕೊಟ್ಟಿತು. ಮದುವೆಯಾದ ಹೆಂಗಸರು ಕೂಡ ಅದರ ಸದಸ್ಯರಾಗಬಹುದಿತ್ತು. ಪಾರ್ಲಿಮೆಂಟಿಗೆ ಮತ ಹಾಕಲು ಮಾತ್ರ ಹೆಂಗಸರು 1918ರವರೆಗೆ ಕಾಯಬೇಕಾಯಿತು!

ಪೆನ್ಸ್‌ಹರ್ಸ್ಟ್ ಬಡ ಊರಲ್ಲ. 1552ರಿಂದ ಅಲ್ಲಿನ ದೊಡ್ಡ ಬಂಗಲೆ ಸಿಡ್ನಿ ಮನೆತನದ್ದು. 1844ರಿಂದ 1848ರವರೆಗೆ ನಮ್ಮ ದೇಶದ ಗವರ್ನರ್ ಜನರಲ್ ಆಗಿದ್ದ ಹೆನ್ರಿ ಹಾರ್ಡಿಂಜ್ ಅಲ್ಲಿಯವನೇ. ಅವನ ಸಮಾಧಿ ಫೋರ್ಡ್‌ಕೂಂಬ್ ಚರ್ಚಿನಲ್ಲಿದೆ. ಅವನ ಮೊಮ್ಮಗ ಚಾರ್ಲ್ಸ್ ವೈಸರಾಯ್ ಆದ. 1912ರಲ್ಲಿ ದೆಹಲಿಯಲ್ಲಿ ಬಾಂಬು ಬಿದ್ದದ್ದು ಅವನ ಆನೆಯ ಮೇಲೆಯೇ. ಇಂಥ ಊರಿನಲ್ಲಿ ಹೊಲಗೆಲಸದವನಿಗೆ ಯೋಗ್ಯವಾದ ಮನೆ ಸಿಗುತ್ತಿರಲಿಲ್ಲ.

ಜೇನ್ ಎಸ್ಕೋಂಬ್ ಎಂಬ ಮಹಿಳೆ ಹೊಸ ಕೌನ್ಸಿಲಿನ ಸದಸ್ಯೆಯಾದರು. ಮನೆ ಕಟ್ಟುವ ಅಧಿಕಾರ ಪ್ಯಾರಿಷಿಗೆ ಇರಲಿಲ್ಲ, ಕೇಳುವ ಅಧಿಕಾರವಷ್ಟೇ. 1890ರ ವಸತಿ ಕಾನೂನಿನಂತೆ ಕಟ್ಟಬೇಕಾದದ್ದು ಮೇಲಿನ ಗ್ರಾಮಾಂತರ ಜಿಲ್ಲಾ ಕೌನ್ಸಿಲು. ಅದಕ್ಕೂ ಮೇಲೆ ಕೌಂಟಿಯವರು ವಿಚಾರಣೆ ನಡೆಸಿ ಒಪ್ಪಬೇಕು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಕಾಗದ ಹೋಗುವ ವೇಗ ಗುಮಾಸ್ತರಾದ ನಮಗೆ ಹೇಳಿಕೊಡಬೇಕೆ? ನಾವೂ ಚಾಳಿನ ನಲ್ಲಿಗಾಗಿ ಒಂದು ಅರ್ಜಿ ಕೊಟ್ಟು, ಉತ್ತರ ಬಾರದ್ದರಿಂದ ಸುಮ್ಮನಾದವರು. ಅವರು ವರ್ಷಗಟ್ಟಲೆ ಬಿಡಲಿಲ್ಲ. 1900ರಲ್ಲಿ ಆರು ಮನೆಗಳು ಎದ್ದವು. ಅವಕ್ಕೆ 'ಪಯೊನಿಯರ್ ಕಾಟೇಜಸ್' ಎಂದು ಹೆಸರು. ಪಯೊನಿಯರ್ ಎಂದರೆ ಎಲ್ಲರಿಗಿಂತ ಮುಂದೆ ಹೋದವನು. ನಿಜ ಹೇಳಬೇಕೆಂದರೆ ಸಫೋಕ್ ಪ್ರಾಂತದ ಇಕ್ಸ್‌ವರ್ತ್ ಹಳ್ಳಿ ಇವರಿಗಿಂತ ಮೊದಲೇ ಇಂಥ ಮನೆ ಕಂಡಿತ್ತು. ಆರೇ ಮನೆಯೆ ಎಂದು ನಗಬೇಡಿ. ಅವುಗಳಲ್ಲಿ ಸಂಸಾರ ಹೂಡಿದವರು ಕೂಲಿಕಾರರು.

ಇಂದಿಗೂ ಪ್ಯಾರಿಷ್ ಕೌನ್ಸಿಲು ಇಂಗ್ಲೆಂಡಿನಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಕಾಲುದಾರಿ, ಆಟದ ಬಯಲು, ಬಸ್ಸಿನ ತಂಗುದಾಣ, ಇಂಥವೇ ಅದರ ಕೆಲಸ. ಆದರೆ ಪ್ರತಿ ವರ್ಷ ಮಾರ್ಚ್ 1ರಿಂದ ಜೂನ್ 1ರ ಒಳಗೆ ಊರ ಸಭೆ ಕರೆಯಲೇಬೇಕು. ಮತದಾರನಾದ ಯಾವನೂ, ಯಾವಳೂ ಅಲ್ಲಿ ಎದ್ದು ಮಾತನಾಡಬಹುದು.